ರಸ್ತೆಯ ವೇಗವನ್ನಳೆಯುವ ಅಗ್ಗದ ಯಂತ್ರವನ್ನು ಕಟ್ಟುವ ಬಗೆ

ಒಣಗಿದ ಡಾಂಬರು ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಿಂದ ಬರುತ್ತಿರುವ ಕಾರಿನ ಚಾಲಕನು, ಎದುರಿಗೆ ಮಗುವೊಂದನ್ನು ಕಂಡು ಬ್ರೇಕನ್ನು ತುಳಿಯುವುದಕ್ಕೆ ಒಂದು ಸೆಕೆಂಡು ಹಿಡಿಯಿತೆಂದು ಭಾವಿಸಿದರೆ, ಆ ಕಾರು ಒಟ್ಟು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಕಾರು 60 ಕಿಲೋಮೀಟರ್ ವೇಗದಲ್ಲಿದ್ದರೆ ಸುಮಾರು 37 ಮೀಟರ್ ಬೇಕಾಗುತ್ತದೆ. ವೇಗವು ಇಮ್ಮಡಿಯಾದಾಗ ಬ್ರೇಕು ಹಿಡಿದ ಮೇಲೆ ಸಾಗುವ ದೂರವು ನಾಲ್ಮಡಿಯಾಗುವುದೆಂಬ ಈ ನಿಯಮವನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದರೂ, ಶಾಲೆಯ ಮುಂದಣ ರಸ್ತೆಯಲ್ಲಿ ಅದನ್ನು ನೆನೆಯುವವರು ವಿರಳ. ಅಂಥ ರಸ್ತೆಯ ಬದಿಯಲ್ಲಿ ವಾಸಿಸುವವರು ಗಾಡಿಗಳು ಬಹಳ ಜೋರಾಗಿ ಹೋಗುತ್ತವೆಯೆಂದು ದೂರುತ್ತಾರೆ. ಎಷ್ಟು ಜೋರು, ದಿನಕ್ಕೆ ಎಷ್ಟು ಗಾಡಿಗಳು, ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಅವರಲ್ಲಿ ಉತ್ತರವಿರುವುದಿಲ್ಲ. ಆ ಉತ್ತರವನ್ನು ಕೊಡಬಲ್ಲ ಯಂತ್ರವೊಂದನ್ನು ಪದವಿ ತರಗತಿಯ ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕರ ನೆರವಿನಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೋ ಜಿಲ್ಲಾ ಕೇಂದ್ರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿಯೋ ದೊರೆಯುವ ಸಾಮಾನುಗಳಿಂದಲೇ ಕಟ್ಟಬಹುದು.

ತತ್ತ್ವವು ಅತಿ ಸರಳವಾದುದು: ರಸ್ತೆಗೆ ಅಡ್ಡಲಾಗಿ ಗೊತ್ತಾದ ಅಂತರದಲ್ಲಿ ಎರಡು ಗೆರೆಗಳನ್ನು ಕಲ್ಪಿಸಿ, ವಾಹನವು ಒಂದರಿಂದ ಮತ್ತೊಂದಕ್ಕೆ ಹೋಗಲು ಹಿಡಿದ ಕಾಲದಿಂದ ಆ ಅಂತರವನ್ನು ಭಾಗಿಸಬೇಕು. ಜಗತ್ತಿನ ಅನೇಕ ದೇಶಗಳಲ್ಲಿ ಇಂದು ಕಾಣುವ ವೇಗ ಕ್ಯಾಮರಾಗಳ ಮೂಲಪುರುಷರಲ್ಲಿ ಒಬ್ಬನಾದ ಡಚ್ ರ‍್ಯಾಲಿ ಚಾಲಕ ಮೌಸ್ ಗಾಟ್ಸೊನೈಡಿಸ್, ತಿರುವುಗಳಲ್ಲಿ ತನ್ನ ಕಾರಿನ ವೇಗವನ್ನು ತಿಳಿಯುವುದಕ್ಕಾಗಿ ರಚಿಸಿಕೊಂಡ ಮೊದಲ ಸಾಧನವೂ ಇದೇ ತತ್ತ್ವದ್ದು. ನೆಲದ ಮೇಲೆ ಹಾಸಿದ ಎರಡು ರಬ್ಬರು ಪಟ್ಟಿಗಳ ಮೇಲೆ ಚಕ್ರ ಹಾಯ್ದಾಗ ಗಡಿಯಾರವು ಚಲಿಸಿ ನಿಲ್ಲುತ್ತಿತ್ತು. ನಾವು ರಬ್ಬರಿನ ಬದಲು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಳಸೋಣ. ಕೆಂಪು ಲೇಸರನ್ನು ಉಪಯೋಗಿಸುವುದು ಇನ್ನೂ ಸುಲಭವಾದರೂ, ಮಕ್ಕಳು ಓಡಾಡುವ ಎಡೆಯಲ್ಲಿ ಕಣ್ಣಿನ ಎತ್ತರಕ್ಕೆ ಸಮೀಪವಾಗಿ ಲೇಸರನ್ನು ಹಾಯಿಸುವುದನ್ನು ನಾನು ಒಪ್ಪಲಾರೆ.

ಮೊದಲು ಸ್ಥಳವನ್ನು ಆರಿಸಿರಿ. ನಾಲ್ಕೈದು ಮೀಟರ್ ಅಗಲದ, ಏಕಕಾಲಕ್ಕೆ ಒಂದೇ ವಾಹನ ಸಾಗುವ ರಸ್ತೆ ಈ ವಿಧಾನಕ್ಕೆ ತಕ್ಕುದು. ಕಾಲೇಜಿನ ಆವರಣದ ರಸ್ತೆ ಅತ್ಯುತ್ತಮ. ಸಾರ್ವಜನಿಕ ರಸ್ತೆಯಾದರೆ ಪಂಚಾಯತಿಯಿಂದಲೋ ಲೋಕೋಪಯೋಗಿ ಇಲಾಖೆಯಿಂದಲೋ, ಜೊತೆಗೆ ಪೊಲೀಸ್ ಠಾಣೆಯಿಂದಲೂ ಲಿಖಿತ ಅನುಮತಿಯನ್ನು ಪಡೆಯದೆ ಕಂಬವನ್ನು ನೆಡಬಾರದು. ಬಳಿಕ ಉಕ್ಕಿನ ಟೇಪಿನಿಂದ ರಸ್ತೆಯ ಎರಡು ಬದಿಗಳಲ್ಲಿಯೂ ಸರಿಯಾಗಿ 5 ಮೀಟರ್ ಅಳೆದು ನಾಲ್ಕು ಗುರುತುಗಳನ್ನು ಮಾಡಿ, ಕರ್ಣಗಳೆರಡೂ ಸಮನಾಗಿವೆಯೇ ಎಂದು ನೋಡಿರಿ. ಸಮನಾಗಿದ್ದರೆ ನಿಮ್ಮ ಆಯತವು ನೆಟ್ಟಗಿದೆಯೆಂದು ತಿಳಿಯತಕ್ಕದ್ದು. 5 ಮೀಟರನ್ನೇ ಆರಿಸಿಕೊಂಡರೆ ಲೆಕ್ಕವೂ ಹಗುರವಾಗುತ್ತದೆ: 18ನ್ನು ಸೆಕೆಂಡುಗಳಿಂದ ಭಾಗಿಸಿದರೆ ವೇಗವು ನೇರವಾಗಿ ಗಂಟೆಗೆ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. 0.6 ಸೆಕೆಂಡೆಂದರೆ 30, 0.45 ಸೆಕೆಂಡೆಂದರೆ 40, 0.3 ಸೆಕೆಂಡೆಂದರೆ 60.

ಕಿರಣವನ್ನು ಕಳುಹಿಸುವ ಎರಡು ಪೆಟ್ಟಿಗೆಗಳು ರಸ್ತೆಯ ಒಂದು ಬದಿಯಲ್ಲಿಯೂ ಅದನ್ನು ಗ್ರಹಿಸುವ ಎರಡು ಪೆಟ್ಟಿಗೆಗಳು ಮತ್ತೊಂದು ಬದಿಯಲ್ಲಿಯೂ ಇರಲಿ. ಆಗ ರಸ್ತೆಗೆ ಅಡ್ಡವಾಗಿ ತಂತಿ ಎಳೆಯುವ ಪ್ರಸಂಗವೇ ಬರುವುದಿಲ್ಲ. ಹಗಲಿನ ಬೆಳಕಿನಲ್ಲಿಯೂ ಹೇರಳವಾಗಿ ಅವಕೆಂಪು ಇರುವುದರಿಂದ, ನಮ್ಮ ಕಿರಣವನ್ನು ಅದರಿಂದ ಬೇರ್ಪಡಿಸಿ ಗುರುತಿಸಲು ಅದನ್ನು ಸೆಕೆಂಡಿಗೆ 38,000 ಸಲ ಮಿಡಿಯುವಂತೆ ಮಾಡಬೇಕು. 1971ರಲ್ಲಿ ಹಾನ್ಸ್ ಕಾಮೆನ್‌ಜಿಂಡ್ ರೂಪಿಸಿದ, ಇಂದಿಗೂ ಕೆಲವೇ ರೂಪಾಯಿಗಳಿಗೆ ಸಿಕ್ಕುವ 555 ಎಂಬ ಐಸಿ ಈ ಕೆಲಸಕ್ಕೆ ಸಾಕು: 1 ನ್ಯಾನೊಫ್ಯಾರಡ್ ಕೆಪಾಸಿಟರ್, 1 ಕಿಲೋ ಓಮ್ ರೆಸಿಸ್ಟರ್, 15 ಕಿಲೋ ಓಮ್ ರೆಸಿಸ್ಟರಿನೊಂದಿಗೆ ಸಾಲಾಗಿ 5 ಕಿಲೋ ಓಮಿನ ಪ್ರಿಸೆಟ್ – ಇಷ್ಟನ್ನು ಜೋಡಿಸಿ, ಪ್ರಿಸೆಟ್ಟನ್ನು ತಿರುಗಿಸಿ 38 ಕಿಲೋಹರ್ಟ್ಸಿಗೆ ಹೊಂದಿಸಿರಿ.

ಗ್ರಾಹಕದ ಆಯ್ಕೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಟಿವಿ ರಿಮೋಟಿಗಾಗಿ ಮಾಡಿದ, ಎಲ್ಲೆಡೆಯೂ ದೊರೆಯುವ ಟಿಎಸ್‌ಒಪಿ 1738 ಎಂಬುದು ಬಿಡುವಿಲ್ಲದೆ ಬರುವ ಮಿಡಿತವನ್ನು ಗದ್ದಲವೆಂದೆಣಿಸಿ ಸ್ವಲ್ಪ ಹೊತ್ತಿನಲ್ಲಿಯೇ ಕಡೆಗಣಿಸತೊಡಗುತ್ತದೆ. ಮೇಜಿನ ಮೇಲೆ ಕ್ಷಣಕಾಲ ಸರಿಯಾಗಿ ನಡೆದ ಯಂತ್ರವು ರಸ್ತೆಯಲ್ಲಿ ಕುರುಡಾಗುವುದು ಇದರಿಂದಲೇ. ಆದುದರಿಂದ ಬೆಳಕಿನ ತಡೆಗಾಗಿಯೇ ಮಾಡಿದ ಟಿಎಸ್‌ಎಸ್‌ಪಿ 4038 ಎಂಬುದನ್ನು ಕೇಳಿ ತರಿಸಿಕೊಳ್ಳಿರಿ. ಗ್ರಾಹಕವನ್ನು ಒಳಗೆ ಕಪ್ಪು ಬಳಿದ ಒಂದು ಗೇಣುದ್ದದ ಪಿವಿಸಿ ಕೊಳವೆಯ ತಳದಲ್ಲಿರಿಸಿ. ರಸ್ತೆಯು ಪೂರ್ವ ಪಶ್ಚಿಮವಾಗಿದ್ದರೆ ಅದರ ಮುಖವು ಉತ್ತರಕ್ಕಿರಲಿ, ಉತ್ತರ ದಕ್ಷಿಣವಾಗಿದ್ದರೆ ಮರದ ನೆರಳನ್ನು ಹುಡುಕಿರಿ. ಎರಡು ಕಿರಣಗಳೂ ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರದಲ್ಲಿ, ಒಂದೇ ಮಟ್ಟದಲ್ಲಿರುವುದು ಅತ್ಯಾವಶ್ಯಕ. ಟೇಪಿನಲ್ಲಿ 5 ಸೆಂಟಿಮೀಟರ್ ತಪ್ಪಿದರೆ ದೋಷವು ನೂರಕ್ಕೆ ಒಂದು ಮಾತ್ರ. ಆದರೆ ಮೊದಲ ಕಿರಣವನ್ನು ಕಾರಿನ ಬಂಪರೂ ಎರಡನೆಯದನ್ನು ಅದರ 40 ಸೆಂಟಿಮೀಟರ್ ಹಿಂದಿರುವ ಚಕ್ರವೂ ಕಡಿದರೆ ದೋಷವು ನೂರಕ್ಕೆ ಎಂಟಾಗುತ್ತದೆ. ದುಬಾರಿ ಬಿಡಿಭಾಗಗಳನ್ನು ತಂದು ಈ ದೋಷವನ್ನು ತಿದ್ದಲಾಗದು. ರಸಮಟ್ಟದಿಂದ ಮಾತ್ರ ತಿದ್ದಬಹುದು.

ಕಾಲವನ್ನೆಣಿಸುವ ಕೆಲಸಕ್ಕೆ ಆರ್ಡುಯಿನೊ ಊನೊ ಎಂಬ ಪುಟ್ಟ ಫಲಕ ಸಾಕಷ್ಟಾಯಿತು. ಅದರ ಮೈಕ್ರೊಸೆಕೆಂಡ್ ಗಡಿಯಾರವು 4 ಮೈಕ್ರೊಸೆಕೆಂಡುಗಳ ಹೆಜ್ಜೆಯಲ್ಲಿ ನಡೆಯುವುದರಿಂದ, ನಮ್ಮ 0.6 ಸೆಕೆಂಡನ್ನು ಅಳೆಯುವಲ್ಲಿ ಅದರ ಕಡೆಯಿಂದ ಬರುವ ತಪ್ಪು ಲೆಕ್ಕಕ್ಕೇ ಬಾರದು. ಎರಡು ಗ್ರಾಹಕಗಳ ತಂತಿಗಳನ್ನು 2 ಮತ್ತು 3ನೆಯ ಪಿನ್ನುಗಳಿಗೆ ಕೊಡಿರಿ. ಆ ಎರಡರಲ್ಲಿ ಮಾತ್ರವೇ ಹೊರಗಿನ ಇಂಟರಪ್ಟ್ ಸೌಲಭ್ಯವು ನೇರವಾಗಿ ಉಂಟು. ವಿದ್ಯುತ್ತಿಗೆ ಬೈಕಿನ 12 ವೋಲ್ಟ್ ಬ್ಯಾಟರಿ, ಅದನ್ನು 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್ ಸಾಕು.

ಇಲ್ಲಿಯವರೆಗಿನದು ಯಾರೂ ಮಾಡುವಂಥದು. ಯಂತ್ರಕ್ಕೆ ವಿವೇಕವನ್ನು ಕೊಡುವ ಕೆಲಸ ಇನ್ನು ಮುಂದಿದೆ. ಪ್ರೋಗ್ರಾಮ್ ಬರೆಯುವವರು ಇದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಕಾಲವನ್ನು ವಿನಿಯೋಗಿಸಬೇಕೆಂದು ನನ್ನ ಆಗ್ರಹ. ಎತ್ತಿನ ಗಾಡಿಯೊಂದು ಮೊದಲ ಕಿರಣವನ್ನು ಕಡಿದ ಕಾಲು ಸೆಕೆಂಡಿಗೆ ಎದುರಿನಿಂದ ಬಂದ ಸೈಕಲ್ಲು ಎರಡನೆಯದನ್ನು ಕಡಿಯಿತೆನ್ನಿ: ಯಂತ್ರವು ಗಾಡಿಯ ವೇಗವನ್ನು 72 ಕಿಲೋಮೀಟರ್ ಎಂದು ಬರೆದುಬಿಡುತ್ತದೆ. ಇದನ್ನು ತಡೆಯಲು ಕಿರಣವು ಕಡಿದ ಕ್ಷಣವನ್ನು ಮಾತ್ರವಲ್ಲದೆ ಮರಳಿ ಕೂಡಿದ ಕ್ಷಣವನ್ನೂ ಎರಡೂ ಕಡೆ ಬರೆದಿಟ್ಟುಕೊಳ್ಳಬೇಕು. ವಾಹನದ ಮೂತಿಯು ಎರಡು ಗೆರೆಗಳ ನಡುವೆ ಹಿಡಿದ ಕಾಲದಿಂದ ಒಂದು ವೇಗ, ಅದರ ಬಾಲವು ಹಿಡಿದ ಕಾಲದಿಂದ ಮತ್ತೊಂದು ವೇಗ. ಒಂದೇ ವಾಹನವಾಗಿದ್ದು ಒಂದೇ ಸಮನಾಗಿ ಸಾಗಿದ್ದರೆ ಇವೆರಡೂ ಹೊಂದಿಕೊಳ್ಳಲೇಬೇಕು. ಎರಡಕ್ಕೂ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಅಂತರ ಬಂದರೆ ಆ ಅಳತೆಯನ್ನು ಬಿಸುಡಿರಿ. ಮೊದಲ ಕಿರಣ ಕಡಿದು ಮೂರು ಸೆಕೆಂಡಾದರೂ ಎರಡನೆಯದು ಕಡಿಯದಿದ್ದರೆ, ಅಂದರೆ ವೇಗವು 6 ಕಿಲೋಮೀಟರಿಗಿಂತ ಕಡಿಮೆಯಾಗಿದ್ದರೆ, ಅದು ಪಾದಚಾರಿಯೋ ದನವೋ ಆಗಿರಬಹುದೆಂದು ಲೆಕ್ಕವನ್ನು ಅಳಿಸಿ ಹೊಸದಾಗಿ ಕಾಯಲಿ. ಕಡಿದ ಕಿರಣವು 50 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಮರಳಿ ಕಂಡರೆ ಅದನ್ನು ಬೈಕಿನ ಚೌಕಟ್ಟಿನ ಸಂದೆಂದು ತಿಳಿದು ಗಣಿಸದಿರಲಿ. ಟ್ರಾಕ್ಟರು ಮತ್ತು ಟ್ರೈಲರಿನ ನಡುವಣ ಸಂದು ಇದಕ್ಕಿಂತ ದೊಡ್ಡದು. ಎರಡನೆಯ ಗೆರೆಯನ್ನು ಮುಟ್ಟುವ ಮೊದಲೇ ಮೊದಲನೆಯದು ಎರಡು ಸಲ ಕಡಿದರೆ ಆ ದಾಖಲೆಯೂ ಬೇಡ. ಸಂಶಯವಿರುವಲ್ಲಿ ಯಂತ್ರವು ಮೌನವಾಗಿರಬೇಕು. ನೂರರಲ್ಲಿ ಇಪ್ಪತ್ತು ವಾಹನಗಳನ್ನು ಬಿಟ್ಟುಬಿಟ್ಟರೂ ಹಾನಿಯಿಲ್ಲ. ಒಂದು ಸುಳ್ಳಂಕಿಯನ್ನು ಊರವರು ಕಂಡರೆ ಉಳಿದ ತೊಂಬತ್ತೊಂಬತ್ತನ್ನೂ ನಂಬುವುದಿಲ್ಲ.

ಪರೀಕ್ಷೆಗೆ ಸ್ನೇಹಿತರೊಬ್ಬರನ್ನು ಸ್ಕೂಟರಿನಲ್ಲಿ 20, 30, 40 ಕಿಲೋಮೀಟರ್ ವೇಗಗಳಲ್ಲಿ ಹತ್ತು ಹತ್ತು ಸಲ ಕಳುಹಿಸಿ, ಜೇಬಿನಲ್ಲಿರುವ ಫೋನಿನ ಜಿಪಿಎಸ್ ದಾಖಲೆಯೊಡನೆ ಹೋಲಿಸಿರಿ. ವಾಹನದ ಸ್ಪೀಡೋಮೀಟರನ್ನು ಪ್ರಮಾಣವಾಗಿ ಹಿಡಿಯಬೇಡಿರಿ. ಅದು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚನ್ನೇ ತೋರಿಸುತ್ತದೆ.

ಚಾಲಕನಿಗೆ ಅಂಕಿಯನ್ನು ತೋರಿಸಲು ಅಂಗಡಿಗಳ ಮುಂದೆ ಓಡುವ ಅಕ್ಷರಗಳಿಗೆ ಬಳಸುವ ಪಿ10 ಎಲ್‌ಇಡಿ ಫಲಕ ಚೆನ್ನಾಗಿ ಒದಗುತ್ತದೆ. ಅದನ್ನು ಎರಡನೆಯ ಗೆರೆಯಿಂದ ಮುವ್ವತ್ತು ನಲವತ್ತು ಮೀಟರ್ ಮುಂದಿರಿಸಿ. ವೇಗವು 50ನ್ನು ಮೀರಿದಾಗ ಅಂಕಿಯ ಬದಲು ‘ನಿಧಾನ’ ಎಂಬ ಮಾತನ್ನಷ್ಟೇ ತೋರಿಸಿರಿ. ದೊಡ್ಡ ಅಂಕಿಯನ್ನು ಕಾಣುವ ಆಸೆಯಿಂದಲೇ ಬೈಕನ್ನು ಓಡಿಸುವ ಹುಡುಗರಿಗೆ ಆ ಅವಕಾಶವಾಗಬಾರದು.

ಅಗಲವಾದ ರಸ್ತೆಗೆ ಡಾಪ್ಲರ್ ರಾಡಾರ್ ಬೇಕಾಗುತ್ತದೆ. ಎಚ್‌ಬಿ 100 ಎಂಬ ಅಗ್ಗದ ಮಾಡ್ಯೂಲು 10.525 ಗಿಗಾಹರ್ಟ್ಸಿನ ಅಲೆಯನ್ನು ಕಳುಹಿಸಿ, ಪ್ರತಿ ಕಿಲೋಮೀಟರ್ ವೇಗಕ್ಕೆ ಸುಮಾರು 19.5 ಹರ್ಟ್ಸಿನಂತೆ ಸಂಕೇತವನ್ನು ಹಿಂದಿರುಗಿಸುತ್ತದೆ. ಆದರೆ ಆ ಸಂಕೇತವು ಅತಿ ಕ್ಷೀಣವಾದುದರಿಂದ ಒಳ್ಳೆಯ ಆಂಪ್ಲಿಫೈಯರ್ ಬೇಕು, ವಾಹನದ ದಿಕ್ಕಿಗೆ 30 ಡಿಗ್ರಿ ಓರೆಯಾಗಿ ಇಟ್ಟರೆ ವೇಗವು ನೂರಕ್ಕೆ ಹದಿಮೂರರಷ್ಟು ಕಡಿಮೆಯಾಗಿ ಕಾಣುತ್ತದೆ, ಲಾರಿಯ ಪಕ್ಕದ ಬೈಕು ಕಾಣುವುದೇ ಇಲ್ಲ. ಮೊದಲ ಪ್ರಯತ್ನಕ್ಕೆ ಅದು ಬೇಡ.

ಈ ಯಂತ್ರದ ಅಂಕಿಯಿಂದ ಯಾರಿಗೂ ದಂಡ ವಿಧಿಸಲಾಗದೆಂಬುದನ್ನು ಮರೆಯಬಾರದು. 1988ರ ಮೋಟಾರು ವಾಹನ ಕಾಯ್ದೆಯ 183ನೆಯ ಕಲಮಿನಂತೆ ಅತಿವೇಗವು ದಂಡಾರ್ಹವೇ ಆದರೂ, ಅದಕ್ಕೆ ಬಳಸುವ ಎಲೆಕ್ಟ್ರಾನಿಕ್ ಉಪಕರಣಕ್ಕೆ ಸರ್ಕಾರದ ಅನುಮೋದನಾ ಪತ್ರವಿರಬೇಕೆಂದು 2021ರ ನಿಯಮವು ವಿಧಿಸಿದೆ. ವಾಹನದ ಸಂಖ್ಯೆಯನ್ನು ನಾವು ಬರೆದಿಡುವುದೂ ಬೇಡ. ವೇಗ, ದಿನ, ವೇಳೆ – ಇಷ್ಟನ್ನು ಮೆಮೊರಿ ಕಾರ್ಡಿನಲ್ಲಿ ಒಂದು ವಾರ ದಾಖಲಿಸಿರಿ. ಬಳಿಕ ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನ ಅಂಕಿಗಳನ್ನು ಪ್ರತ್ಯೇಕಿಸಿ, ಏರಿಕೆಯ ಕ್ರಮದಲ್ಲಿ ಬರೆದು, ನೂರು ವಾಹನಗಳಲ್ಲಿ ಎಂಬತ್ತೈದನೆಯದರ ವೇಗವೆಷ್ಟೆಂದು ನೋಡಿರಿ. ರಸ್ತೆಯ ವೇಗವನ್ನು ಕುರಿತು ಎಂಜಿನಿಯರುಗಳು ಮಾತನಾಡುವಾಗ ಮೊದಲು ಕೇಳುವುದು ಆ ಅಂಕಿಯನ್ನೇ. ಅದನ್ನು ಒಂದೇ ಹಾಳೆಯಲ್ಲಿ ಬರೆದು, ಅಳತೆಯ ವಿಧಾನವನ್ನು ಕೆಳಗೆ ಎರಡು ಸಾಲಿನಲ್ಲಿ ಸೇರಿಸಿ, ಒಂದು ಪ್ರತಿಯನ್ನು ಪಂಚಾಯತಿಗೂ ಒಂದನ್ನು ಪೊಲೀಸ್ ಠಾಣೆಗೂ ಕೊಟ್ಟು, ಮೂರನೆಯದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿರಿ.