ಲಂಡನ್‌ಗೆ ಓದಲು ಹೊರಟಿರಾ? ಥೇಮ್ಸ್ ದಂಡೆ ಹಿಡಿದು ನಡೆಯಿರಿ

ಹೊಣಕೆರೆ, ನಾಗಮಂಗಲ, ಪಾಂಡವಪುರದ ಕಡೆಯಿಂದ ಲಂಡನ್‌ಗೆ ಓದಲು ಹೊರಡುವ ಮಕ್ಕಳಿಗೆ ವೀಸಾ, ಶುಲ್ಕ, ಬಾಡಿಗೆ ಕೋಣೆಯ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಊರನ್ನು ಅರಿತುಕೊಳ್ಳುವುದು ಹೇಗೆಂದು ಹೇಳುವವರು ಕಡಿಮೆ. ಬರೀ ನೆಲದಡಿಯ ರೈಲಿನಲ್ಲಿ ಓಡಾಡಿದರೆ ಲಂಡನ್ ಎಂದರೆ ಒಂದಷ್ಟು ನಿಲ್ದಾಣಗಳ ಹೆಸರು, ಅಷ್ಟೇ. ಯಾವುದರ ಪಕ್ಕದಲ್ಲಿ ಯಾವುದಿದೆ ಎಂಬುದು ವರ್ಷ ಕಳೆದರೂ ತಿಳಿಯುವುದಿಲ್ಲ. ಹೋದ ಹೊಸದರಲ್ಲೇ ಒಂದು ದಿನ ಬಿಡುವು ಮಾಡಿಕೊಂಡು ನದಿಯ ದಕ್ಷಿಣ ದಂಡೆಯಲ್ಲಿ ನಡೆಯಿರಿ. ವಾಕ್ಸ್‌ಹಾಲ್‌ನಿಂದ ಟವರ್ ಬ್ರಿಡ್ಜ್‌ವರೆಗೆ ಸುಮಾರು 6 ಕಿ.ಮೀ. ಖರ್ಚಿಲ್ಲದ ದಾರಿ.

ಮೊದಲು ಶ್ರೀರಂಗಪಟ್ಟಣ

ಈ ನಡಿಗೆಯ ಮೊದಲ ಹೆಜ್ಜೆ ಇರುವುದು ನಮ್ಮಲ್ಲೇ. ಟಿಕೆಟ್ ಕೈಗೆ ಬಂದ ಮೇಲೆ ಒಂದು ದಿನ ಶ್ರೀರಂಗಪಟ್ಟಣಕ್ಕೆ ಹೋಗಿಬನ್ನಿ. ದರಿಯಾ ದೌಲತ್‌ನ ಗೋಡೆಯ ಮೇಲಿರುವ 1780ರ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನಿಧಾನವಾಗಿ ನೋಡಿ. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗದಲ್ಲಿ ನಿಲ್ಲಿ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ಕಣ್ಣಿಗೆ ತುಂಬಿಕೊಳ್ಳಿ. ಆಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯ ಹೆಸರು ಅದು. ಅವನ ತಮ್ಮ ಆರ್ಥರ್, ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡವನು. ಇವನನ್ನು ಥೇಮ್ಸ್ ದಂಡೆಯಲ್ಲಿ ಮತ್ತೆ ಕಾಣುತ್ತೀರಿ.

ಜೇಬು, ಕಾರ್ಡು, ಹೊತ್ತು

ಲಂಡನ್ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಬ್ಯಾಂಕ್ ಕಾರ್ಡನ್ನೋ ಲಂಡನ್ ಸಾರಿಗೆಯ ಆಯ್ಸ್ಟರ್ ಕಾರ್ಡನ್ನೋ ಯಂತ್ರಕ್ಕೆ ತಾಗಿಸಬೇಕು. 2025ರಲ್ಲಿ ಬಸ್ ದರ 1.75 ಪೌಂಡ್ ಇತ್ತು. ಒಂದು ಗಂಟೆಯೊಳಗೆ ಅದೇ ಕಾರ್ಡಿನಲ್ಲಿ ಎಷ್ಟು ಬಸ್ ಬದಲಿಸಿದರೂ ಮತ್ತೆ ಹಣ ಕಡಿತವಿಲ್ಲ. ಬಸ್ಸಿಗೆ ಹತ್ತುವಾಗ ಮಾತ್ರ ತಾಗಿಸಿದರೆ ಸಾಕು. ರೈಲಿನಲ್ಲಾದರೆ ಇಳಿದು ಹೊರಬರುವಾಗಲೂ ತಾಗಿಸಬೇಕು, ಮರೆತರೆ ಗರಿಷ್ಠ ದರ ಬೀಳುತ್ತದೆ. ಕಾಲೇಜಿಗೆ ಸೇರಿದ ಕೂಡಲೇ 18 ದಾಟಿದವರ ವಿದ್ಯಾರ್ಥಿ ಆಯ್ಸ್ಟರ್ ಕಾರ್ಡಿಗೆ ಅರ್ಜಿ ಹಾಕಿ. ವಾರದ, ತಿಂಗಳ ಪಾಸುಗಳಿಗೆ ಶೇ 30ರಷ್ಟು ರಿಯಾಯಿತಿ ಸಿಗುತ್ತದೆ.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಚಳಿಗಾಲವಾದರೆ ಬೆಳಿಗ್ಗೆ ಬೇಗ ಹೊರಡಿ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ತುಂಬಿಸಿಕೊಂಡರೆ ಆಯಿತು.

ಹಿಂದಕ್ಕೂ ಹರಿಯುವ ಹೊಳೆ

ಕಾವೇರಿ, ಹೇಮಾವತಿ, ಲೋಕಪಾವನಿ ನೋಡಿ ಬೆಳೆದವರಿಗೆ ಥೇಮ್ಸ್‌ನಲ್ಲಿ ಮೊದಲು ಅಚ್ಚರಿ ಎನಿಸುವುದು ಅದರ ಉಬ್ಬರವಿಳಿತ. ನಮ್ಮ ಹೊಳೆ ಏರುವುದು ಮಳೆಗೆ, ಇಲ್ಲವೇ ಕನ್ನಂಬಾಡಿ ಕಟ್ಟೆಯ ಗೇಟು ತೆರೆದಾಗ. ಥೇಮ್ಸ್ ದಿನಕ್ಕೆ ಎರಡು ಸಲ ಸಮುದ್ರದ ಸೆಳೆತಕ್ಕೆ ಏರಿ ಇಳಿಯುತ್ತದೆ. ಲಂಡನ್ ಬ್ರಿಡ್ಜ್ ಬಳಿ ಈ ಅಂತರ 7 ಮೀಟರ್‌ವರೆಗೂ ಹೋಗುವುದುಂಟು. ಬೆಳಿಗ್ಗೆ ಸಮುದ್ರದ ಕಡೆಗೆ ಹರಿಯುತ್ತಿದ್ದ ನೀರು ಮಧ್ಯಾಹ್ನ ಊರೊಳಕ್ಕೆ ಏರಿಬರುವುದನ್ನು ಕಂಡಾಗ ಇದು ಬೇರೆಯೇ ಜಾತಿಯ ಹೊಳೆ ಎಂದು ಮನಸ್ಸಿಗೆ ನಾಟುತ್ತದೆ. ಸಮುದ್ರದ ಹಡಗುಗಳು ಈ ಏರಿನ ಜೊತೆಗೇ ಒಳಗೆ ಬಂದು ಲಂಡನ್ನನ್ನು ದೊಡ್ಡ ಬಂದರಾಗಿ ಮಾಡಿದವು. ಲಂಡನ್ ಬಂದರು ಪ್ರಾಧಿಕಾರ ಉಬ್ಬರದ ವೇಳಾಪಟ್ಟಿ ಪ್ರಕಟಿಸುತ್ತದೆ, ನೋಡಿಕೊಂಡು ಹೊರಡಿ. ನೀರಿಳಿದಾಗ ಕಾಣುವ ಕಲ್ಲುದಂಡೆಗೆ ಇಳಿಯುವ ಆಸೆ ಬೇಡ. ಮೆಟ್ಟಿಲು ಪಾಚಿಗಟ್ಟಿ ಜಾರುತ್ತವೆ, ನೀರು ಬೇಗ ಏರುತ್ತದೆ. ಅಲ್ಲಿ ಹಳೆಯ ವಸ್ತು ಹುಡುಕುವುದಕ್ಕೆ ಪರವಾನಗಿಯೂ ಬೇಕು.

ನಡಿಗೆಯ ದಾರಿ

ವಾಕ್ಸ್‌ಹಾಲ್ ನಿಲ್ದಾಣದಿಂದ ಹೊರಬಂದು, ನದಿಯನ್ನು ಎಡಕ್ಕಿಟ್ಟುಕೊಂಡು ಲ್ಯಾಂಬೆತ್ ಸೇತುವೆಯ ಕಡೆಗೆ ಸಾಗಿ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಬಂದದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅನುಭವ ಮಂಟಪದ ಶರಣರು ನೆನಪಾಗುವ ಹೊತ್ತಿಗೆ ಆಚೆ ದಂಡೆಯಲ್ಲಿ ಬ್ರಿಟನ್ನಿನ ಸಂಸತ್ತು ಕಾಣತೊಡಗುತ್ತದೆ. ಇಲ್ಲಿ ಅವಸರ ಮಾಡಬೇಡಿ. ಈ ಕಲ್ಲಿನ ದಂಡೆಯನ್ನು 1860ರ ದಶಕದಲ್ಲಿ ಕಟ್ಟಿಸಿದವನು ಎಂಜಿನಿಯರ್ ಜೋಸೆಫ್ ಬಜಲ್‌ಗೆಟ್. 1858ರ ಬೇಸಿಗೆಯಲ್ಲಿ ಥೇಮ್ಸ್‌ನ ಕೊಳಚೆ ನಾತ ಸಂಸತ್ತಿಗೇ ತಡೆಯಲಾಗದಂತಾದ ಮೇಲೆ ನಗರದ ಒಳಚರಂಡಿ ಜಾಲ ಕಟ್ಟುವ ಕೆಲಸವನ್ನು ಪೂರೈಸಿದವನೂ ಅವನೇ. ಹೊಳೆಯನ್ನು ಕೆಡಿಸಿಕೊಂಡ ಊರು ಅದನ್ನು ಸರಿಪಡಿಸಲು ಎಷ್ಟು ತಲೆಮಾರು ದುಡಿಯಬೇಕು ಎಂಬುದನ್ನು ಕಾವೇರಿ ಸೀಮೆಯ ನಾವು ಇಲ್ಲಿಂದ ಕಲಿಯಬೇಕು.

ವೆಸ್ಟ್‌ಮಿನ್‌ಸ್ಟರ್ ಸೇತುವೆ, ಲಂಡನ್ ಐ ಸುತ್ತ ಜನಜಂಗುಳಿ, ಬೇಗ ದಾಟಿ. ಮುಂದಿನದು ವಾಟರ್‌ಲೂ ಸೇತುವೆ. ಆರ್ಥರ್ ವೆಲ್ಲೆಸ್ಲಿ 1815ರಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಊರಿನ ಹೆಸರು ಅದಕ್ಕೆ. ಅಷ್ಟರಲ್ಲಿ ಅವನು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿದ್ದ. ಸೇತುವೆಯ ಕೆಳಗೆ ಹಳೆ ಪುಸ್ತಕಗಳ ಸಂತೆ ಇದೆ, ವಿದ್ಯಾರ್ಥಿಯ ಜೇಬಿಗೂ ಎಟುಕುತ್ತದೆ. ಕಾಲು ಸೋತರೆ ಟೇಟ್ ಮಾಡರ್ನ್ ಹೊಕ್ಕು ಕೂರಿ. ವಿದ್ಯುತ್ ಸ್ಥಾವರವಾಗಿದ್ದ ಈ ಕಲಾ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಅದರ ಮುಂದಿನ ಕಾಲುಸೇತುವೆ ದಾಟಿದರೆ ಸೇಂಟ್ ಪಾಲ್ಸ್ ಕೆಥೆಡ್ರಲ್. ಅದರ ನೆಲಮಾಳಿಗೆಯಲ್ಲಿ ವೆಲ್ಲಿಂಗ್ಟನ್ನನ ಸಮಾಧಿ ಇದೆ. ಅದನ್ನು ನೋಡಲು ಟಿಕೆಟ್ ಬೇಕು, ವಿದ್ಯಾರ್ಥಿಗೆ ಅದು ದುಬಾರಿಯೇ. ಮತ್ತೆ ದಕ್ಷಿಣ ದಂಡೆಗೆ ಬಂದು ಬರೋ ಮಾರುಕಟ್ಟೆ ಹಾದರೆ 1894ರಲ್ಲಿ ತೆರೆದ ಟವರ್ ಬ್ರಿಡ್ಜ್.

ಹುಲಿಗೆ ಬೇರೆ ದಿನ

ಟಿಪ್ಪುವಿನ ಮರದ ಹುಲಿ ನದಿಯಿಂದ ದೂರ, ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ್ದು. 1799ರಲ್ಲಿ ಶ್ರೀರಂಗಪಟ್ಟಣದ ಅರಮನೆಯಿಂದ ಹೊತ್ತೊಯ್ದದ್ದು. ಬಿದ್ದ ಯುರೋಪಿಯನ್ ಸಿಪಾಯಿಯ ಮೇಲೆ ಹುಲಿ ಎರಗಿದೆ. ಹಿಡಿ ತಿರುಗಿಸಿದರೆ ಸಿಪಾಯಿಯ ಕೈ ಏಳುವಂತೆ, ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುವಂತೆ ಒಳಗೆ ಯಂತ್ರವಿದೆ. ನಮ್ಮ ಊರಿನ ವಸ್ತುವನ್ನು ಪರದೇಶದ ಗಾಜಿನ ಪೆಟ್ಟಿಗೆಯಲ್ಲಿ ನೋಡುವಾಗ ಹೆಮ್ಮೆ, ಸಂಕಟ ಎರಡೂ ಒಟ್ಟಿಗೆ ಬರುತ್ತವೆ. ಎರಡನ್ನೂ ಆ ಸಂಜೆಯೇ ಕನ್ನಡದಲ್ಲಿ ಬರೆದು ಮನೆಗೆ ಕಳಿಸಿ. ದಕ್ಷಿಣ ಏಷ್ಯಾ ಗ್ಯಾಲರಿಯ ನವೀಕರಣದ ಯೋಜನೆ ಇರುವುದರಿಂದ ಹುಲಿ ಪ್ರದರ್ಶನದಲ್ಲಿದೆಯೇ ಎಂದು ಸಂಗ್ರಹಾಲಯದ ಜಾಲತಾಣದಲ್ಲಿ ಖಚಿತಪಡಿಸಿಕೊಂಡು ಹೊರಡಿ. ಪ್ರವೇಶ ಉಚಿತ, ಶುಕ್ರವಾರ ರಾತ್ರಿ 10ರವರೆಗೂ ತೆರೆದಿರುತ್ತದೆ. ತರಗತಿ ಮುಗಿಸಿಯೂ ಹೋಗಬಹುದು.