ಅನ್ನನಾಳದ ಕ್ಯಾನ್ಸರಿಗೆ ‘ಗುರಿ ಔಷಧಿ’: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ನಾವು ನುಂಗಿದ ಆಹಾರವು ಗಂಟಲಿನಿಂದ ಜಠರಕ್ಕೆ ಇಳಿಯುವ ಕೊಳವೆಯೇ ಅನ್ನನಾಳ. ದೊಡ್ಡವರಲ್ಲಿ ಇದರ ಉದ್ದ ಸುಮಾರು 25 ಸೆಂ.ಮೀ. ಇದರೊಳಗೆ ಗಂತಿ ಬೆಳೆದಾಗ ಮೊದಲು ಮುದ್ದೆ ನುಂಗುವುದು ಕಷ್ಟವಾಗುತ್ತದೆ, ಆಮೇಲೆ ಅನ್ನ, ಕೊನೆಗೆ ಗಂಜಿ ಮತ್ತು ನೀರು. ಅನ್ನನಾಳಕ್ಕೆ ಹಿಗ್ಗುವ ಗುಣವಿರುವುದರಿಂದ ಅದು ಬಹುಪಾಲು ಮುಚ್ಚಿಹೋಗುವವರೆಗೂ ತೊಂದರೆ ಅಷ್ಟಾಗಿ ತಿಳಿಯುವುದಿಲ್ಲ. ‘ಗ್ಯಾಸ್ಟ್ರಿಕ್’ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಮೈ ಇಳಿದ ಮೇಲೆ ಎಂಡೋಸ್ಕೋಪಿಗೆ ಬರುವವರು ಬಹಳ.

ಹೀಗೆ ತಡವಾದಾಗ ವೈದ್ಯರು “ರೋಗ ಹರಡಿದೆ, ಆಪರೇಷನ್‌ನಿಂದ ಗುಣವಾಗುವ ಹಂತ ದಾಟಿದೆ” ಎನ್ನುತ್ತಾರೆ. ಆ ದಿನದಿಂದಲೇ ಮನೆಯವರ ಹುಡುಕಾಟ ಶುರು. ಮೈಸೂರಿನಲ್ಲಿರುವ ನೆಂಟರೊಬ್ಬರು ಫೋನು ಮಾಡಿ, ಕ್ಯಾನ್ಸರನ್ನು ಮಾತ್ರ ಗುರಿಯಿಟ್ಟು ಕೊಲ್ಲುವ ಹೊಸ ಔಷಧಿ ಬಂದಿದೆ, ಕೂದಲು ಸಹ ಉದುರುವುದಿಲ್ಲ, ಬೆಲೆ ಮಾತ್ರ ಲಕ್ಷದ ಲೆಕ್ಕ ಎನ್ನುತ್ತಾರೆ. ಅರಿಶಿನ ಮಾರಿದ ಹಣ ಸಾಲದು, ಜಮೀನು ಮಾರಿಬಿಡೋಣ ಎಂಬ ಮಾತು ಮನೆಯಲ್ಲಿ ಬರುತ್ತದೆ. ಆ ಮಾತು ಬರುವುದಕ್ಕೆ ಮೊದಲು ತಾವು ಇದನ್ನು ಓದಬೇಕೆಂಬುದು ನಮ್ಮ ಅಪೇಕ್ಷೆ.

ಗುರಿ ಔಷಧಿ ಎಂದರೇನು?

ಸಾಮಾನ್ಯ ಕೀಮೋಥೆರಪಿಯು ವೇಗವಾಗಿ ಬೆಳೆಯುವ ಎಲ್ಲ ಜೀವಕೋಶಗಳ ಮೇಲೂ ಬೀಳುತ್ತದೆ. ಗುರಿ ಔಷಧಿಯು ಕ್ಯಾನ್ಸರ್ ಕೋಶದ ಒಂದು ನಿರ್ದಿಷ್ಟ ಗುರುತನ್ನು ಹುಡುಕಿ ಹಿಡಿಯುತ್ತದೆ. ಬೀಗದಕೈ ಇದ್ದ ಹಾಗೆ: ಬೀಗ ಅದೇ ಆದರೆ ತೆರೆಯುತ್ತದೆ, ಇಲ್ಲವಾದರೆ ಬೀಗದಕೈ ಚಿನ್ನದ್ದಾದರೂ ಪ್ರಯೋಜನವಿಲ್ಲ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಇಮ್ಯಾಟಿನಿಬ್ ಮಾತ್ರೆ ನುಂಗಿ ಎಷ್ಟೋ ವರ್ಷ ಹೊಲದಲ್ಲಿ ದುಡಿದುಕೊಂಡು ಇರುವವರಿದ್ದಾರೆ. ಅವರನ್ನು ನೋಡಿದವರು “ನಮ್ಮಪ್ಪನಿಗೂ ಅದೇ ಮಾತ್ರೆ ಬರೆದುಕೊಡಿ” ಎಂದು ಕೇಳುವುದು ಸಹಜ. ಆದರೆ ಆ ರಕ್ತದ ಕ್ಯಾನ್ಸರಿನ ಬೀಗ ಬೇರೆ, ಅನ್ನನಾಳದ್ದು ಬೇರೆ.

ಶ್ವಾಸಕೋಶದ ಕೆಲವು ಕ್ಯಾನ್ಸರುಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಗೆಫಿಟಿನಿಬ್ ಮಾತ್ರೆಯನ್ನು ಅನ್ನನಾಳದ ಕ್ಯಾನ್ಸರಿನಲ್ಲೂ ಪರೀಕ್ಷಿಸಿ ನೋಡಲಾಗಿದೆ. ಕೀಮೋ ಆದ ಮೇಲೂ ರೋಗ ಬೆಳೆದವರಿಗೆ ಬ್ರಿಟನ್ನಿನಲ್ಲಿ ಈ ಮಾತ್ರೆ ಕೊಟ್ಟು, ಬರಿಯ ಹುಸಿ ಮಾತ್ರೆ ಪಡೆದವರೊಡನೆ ಹೋಲಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಟ್ಟಾರೆ ಆಯುಸ್ಸು ಹೆಚ್ಚಲಿಲ್ಲ. ಅದಕ್ಕೆ ತಕ್ಕ ಗುರುತಿದ್ದ ಕೆಲವೇ ಮಂದಿಗೆ ಮಾತ್ರ ಸ್ವಲ್ಪ ಅನುಕೂಲ ಕಂಡಿತು. ಆದ್ದರಿಂದ “ಒಂದು ತಿಂಗಳು ನುಂಗಿಸಿ ನೋಡೋಣ” ಎಂದು ಯಾವ ಪರೀಕ್ಷೆಯನ್ನೂ ಮಾಡದೆ ಹೇಳುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ.

ಬಯಾಪ್ಸಿ ವರದಿಯಲ್ಲಿ ಮೊದಲು ನೋಡಬೇಕಾದ ಪದ

ಅನ್ನನಾಳದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ನಮ್ಮ ದೇಶದಲ್ಲಿ ಇದೇ ಹೆಚ್ಚು. ಬೀಡಿ, ಕಡ್ಡಿಪುಡಿ, ಎಲೆ-ಅಡಿಕೆ ಮತ್ತು ಮದ್ಯಕ್ಕೂ ಇದಕ್ಕೂ ನಂಟಿದೆ. (ಅಡಿಕೆಯೊಂದೇ ಆದರೆ ತೊಂದರೆಯಿಲ್ಲ ಎನ್ನುವವರಿಗೆ ಒಂದು ಮಾತು: ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಹೇಳಿದೆ.) ಎರಡನೆಯದು ಅಡಿನೊಕಾರ್ಸಿನೋಮ. ಇದು ಹೆಚ್ಚಾಗಿ ಅನ್ನನಾಳವು ಜಠರವನ್ನು ಸೇರುವ ಕೆಳಭಾಗದಲ್ಲಿ ಬರುತ್ತದೆ.

ಟ್ರಾಸ್ಟುಜುಮಾಬ್ ಎಂಬ ಹೆಸರುವಾಸಿ ಗುರಿ ಔಷಧಿ ಇರುವುದು ಈ ಎರಡನೆಯ ಜಾತಿಗೆ, ಅದರಲ್ಲೂ ‘ಹರ್-2’ ಎಂಬ ಗುರುತು ಇದ್ದವರಿಗೆ ಮಾತ್ರ. ಜಠರ ಹಾಗೂ ಅದರ ಸಂಧಿಭಾಗದ ಕ್ಯಾನ್ಸರ್ ಇದ್ದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಪರೀಕ್ಷಿಸಿದ ಸುಮಾರು ಐವರಲ್ಲಿ ಒಬ್ಬರಿಗೆ ಈ ಗುರುತಿತ್ತು. ಅಂಥವರಿಗೆ ಕೀಮೋ ಜೊತೆ ಈ ಇಂಜೆಕ್ಷನ್ ಕೊಟ್ಟಾಗ ಸರಾಸರಿ ಬದುಕು 11.1 ತಿಂಗಳಿನಿಂದ 13.8 ತಿಂಗಳಿಗೆ ಏರಿತು. ಇಲ್ಲಿ ಸರಾಸರಿ ಎಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಕಾಲ, ಉಳಿದ ಅರ್ಧ ಮಂದಿ ಕಡಿಮೆ ಕಾಲ ಬದುಕಿದರು ಎಂದು ತಿಳಿಯಿರಿ. ಈ ಔಷಧಿ ಹಿಂದೆ ವಿದೇಶದಿಂದಲೇ ಬರಬೇಕಿತ್ತು. 2014ರಿಂದ ಬೆಂಗಳೂರಿನ ಬಯೋಕಾನ್ ಕಂಪನಿಯದೇ ‘ಕ್ಯಾನ್‌ಮ್ಯಾಬ್’ ಎಂಬ ಹೆಸರಿನ, ಬೆಲೆ ಕಡಿಮೆಯ ಸಮಾನ ಔಷಧಿ ಸಿಗುತ್ತಿದೆ. ನಂತರ ಬೇರೆ ಕಂಪನಿಗಳವೂ ಬಂದಿವೆ. ಇದು ಕೆಲವರಲ್ಲಿ ಹೃದಯದ ಬಲ ಕುಗ್ಗಿಸುವುದರಿಂದ ಶುರು ಮಾಡುವ ಮುನ್ನ ಎಕೋ ಪರೀಕ್ಷೆ ಆಗಲೇಬೇಕು.

ಸ್ಕ್ವಾಮಸ್ ಜಾತಿಗೆ ಈಗ ಹೆಚ್ಚು ಮಾತಾಗುತ್ತಿರುವುದು ಇಮ್ಯುನೋಥೆರಪಿ. ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಇಂಥವು. ಇವು ಕ್ಯಾನ್ಸರನ್ನು ನೇರವಾಗಿ ಹೊಡೆಯುವುದಿಲ್ಲ, ದೇಹದ ಸ್ವಂತ ರೋಗನಿರೋಧಕ ಶಕ್ತಿಗೆ ಬಿದ್ದ ಕಡಿವಾಣವನ್ನು ಸಡಿಲಿಸುತ್ತವೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೀಮೋ ಮಾತ್ರ ಪಡೆದವರ ಸರಾಸರಿ ಬದುಕು 10.7 ತಿಂಗಳು, ನಿವೊಲುಮಾಬ್ ಸೇರಿಸಿದಾಗ 13.2 ತಿಂಗಳು. ಆದರೆ ಗಂತಿಯಲ್ಲಿ ‘ಪಿಡಿ-ಎಲ್1’ ಎಂಬ ಗುರುತು ಶೇಕಡಾ 1 ಅಥವಾ ಹೆಚ್ಚು ಇದ್ದವರನ್ನು ಮಾತ್ರ ನೋಡಿದರೆ 9.1 ತಿಂಗಳಿಗೆ ಬದಲಾಗಿ 15.4 ತಿಂಗಳು. ಆ ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಈ ಗುರುತಿತ್ತು. ಲಾಭ ಯಾರಿಗೆ ಹೆಚ್ಚು ಎಂಬುದು ಇಲ್ಲಿಯೂ ಪರೀಕ್ಷೆಯಿಂದಲೇ ತಿಳಿಯಬೇಕು.

ಪೂರ್ಣ ಪ್ರಮಾಣದ ಇಮ್ಯುನೋಥೆರಪಿಯ ಬೆಲೆ ನಮ್ಮ ಕಡೆಯ ಬಹುತೇಕ ಕುಟುಂಬಗಳ ಕೈಗೆ ನಿಲುಕುವುದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕತ್ತಿನ ಕ್ಯಾನ್ಸರಿನಲ್ಲಿ ನಿವೊಲುಮಾಬನ್ನು ಬಹಳ ಕಡಿಮೆ ಪ್ರಮಾಣದಲ್ಲಿ, ಎಂದರೆ ಮೂರು ವಾರಕ್ಕೊಮ್ಮೆ 20 ಮಿ.ಗ್ರಾಂ., ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷದ ನಂತರ ಬದುಕಿದ್ದವರು ಶೇಕಡಾ 16.3ರಿಂದ 43.4ಕ್ಕೆ ಏರಿದರೆಂದು 2022ರಲ್ಲಿ ಪ್ರಕಟಿಸಿದರು. ಅದು ಅನ್ನನಾಳದ ಅಧ್ಯಯನವಲ್ಲ ಎಂಬುದನ್ನು ಮರೆಯಬೇಡಿ. ಆದರೂ ಕ್ಯಾನ್ಸರ್ ತಜ್ಞರ ಮುಂದೆ “ಕಡಿಮೆ ಪ್ರಮಾಣದ ವಿಧಾನ ನಮ್ಮವರಿಗೆ ಹೊಂದುವುದೇ?” ಎಂದು ಕೇಳಲು ಸಂಕೋಚ ಬೇಡ. ಬೆಲೆಯ ಬಗ್ಗೆ ಕೇಳಿದರೆ ವೈದ್ಯರು ತಪ್ಪು ತಿಳಿಯುತ್ತಾರೆಂಬ ಹೆದರಿಕೆ ನಮ್ಮ ಜನರಲ್ಲಿ ಬಹಳ, ಅದರ ಅಗತ್ಯವಿಲ್ಲ.

ಮೇಣದ ಅಚ್ಚು ನಿಮ್ಮದು

ಎಂಡೋಸ್ಕೋಪಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಇದಕ್ಕೆ ‘ಬ್ಲಾಕ್’ ಎನ್ನುತ್ತಾರೆ. ಮೇಲೆ ಹೇಳಿದ ಎಲ್ಲ ಗುರುತುಗಳನ್ನೂ ಸಾಮಾನ್ಯವಾಗಿ ಈ ಬ್ಲಾಕಿನಿಂದಲೇ ಪರೀಕ್ಷಿಸಬಹುದು. ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೊರಡುವಾಗ ಬಯಾಪ್ಸಿ ಮಾಡಿದ ಕಡೆಯಿಂದ ಬ್ಲಾಕ್, ಸ್ಲೈಡು, ವರದಿಗಳನ್ನು ಕೇಳಿ ಪಡೆದು ಕೊಂಡೊಯ್ಯಿರಿ. ಇಲ್ಲವಾದರೆ ನಿತ್ರಾಣವಾಗಿರುವ ರೋಗಿಗೆ ಮತ್ತೊಮ್ಮೆ ಎಂಡೋಸ್ಕೋಪಿ ಮಾಡಬೇಕಾಗಬಹುದು. ಬಿಸಿಲಿಗೆ ನಿಂತ ಕಾರಿನ ಗಾಜಿನ ಮುಂದೆ ಇಡಬೇಡಿ, ಮೇಣ ಕರಗುತ್ತದೆ.

ಹಣ, ಕಾರ್ಡು, ಬಿಲ್ಲು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದರಲ್ಲಿದೆ. ಆದರೆ ಎಲ್ಲ ಹೊಸ ಔಷಧಿಗಳೂ ಇದರ ಪಟ್ಟಿಯಲ್ಲಿಲ್ಲ. ಮೊದಲ ಇಂಜೆಕ್ಷನ್ನಿಗೆ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಔಷಧಿಯ ಹೆಸರು ಹೇಳಿ ವಿಚಾರಿಸಿ. ಚಾಮರಾಜನಗರದ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕೇ ಎಂದೂ ಕೇಳಿ. ಕ್ಯಾನ್ಸರ್ ಔಷಧಿಗಳಲ್ಲಿ ಡಬ್ಬದ ಮೇಲಿನ ಬೆಲೆಗೂ ಕೊಡುವ ಬೆಲೆಗೂ ಅಂತರ ಹೆಚ್ಚಿರುತ್ತದೆ. ಇದೇ ಕಾರಣಕ್ಕೆ ಕೇಂದ್ರ ಸರ್ಕಾರ 2019ರಲ್ಲಿ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರದ ಲಾಭಕ್ಕೆ ಶೇಕಡಾ 30ರ ಮಿತಿ ಹಾಕಿತು. ಹಾಗಾಗಿ ಎರಡು ಮೂರು ಕಡೆ ವಿಚಾರಿಸದೆ ಕೊಳ್ಳಬೇಡಿ.

ಅಗ್ಗವೆಂದು ಬಿಲ್ಲಿಲ್ಲದೆ ಮಾತ್ರ ಖಂಡಿತ ಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಹಿಡಿದ ಗುಂಪೊಂದು ದುಬಾರಿ ಕ್ಯಾನ್ಸರ್ ಔಷಧಿಗಳ ಖಾಲಿ ಸೀಸೆಗಳಲ್ಲಿ ಬೇರೇನನ್ನೋ ತುಂಬಿಸಿ ಮಾರುತ್ತಿತ್ತು. ಇಂಜೆಕ್ಷನ್ ಆದ ಮೇಲೆ ಖಾಲಿ ಸೀಸೆಯನ್ನು ನಿಮ್ಮೆದುರೇ ನಾಶಮಾಡಲು ಹೇಳಿ. ಟ್ರಾಸ್ಟುಜುಮಾಬ್‌ನಂಥ ಔಷಧಿ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಐಸ್ ಪ್ಯಾಕ್ ಇಟ್ಟ ಡಬ್ಬದಲ್ಲಿ ತನ್ನಿ, ಆದರೆ ಗಡ್ಡೆ ಕಟ್ಟಬಾರದು.

ಔಷಧಿಗಿಂತ ಮೊದಲು ಅನ್ನದ ದಾರಿ

ಪರೀಕ್ಷೆಯ ವರದಿ, ಯೋಜನೆಯ ಮಂಜೂರಾತಿ ಎಂದು ವಾರಗಳು ಉರುಳುತ್ತವೆ. ಅಷ್ಟರಲ್ಲಿ ಹೊಟ್ಟೆಗಿಲ್ಲದೆ ರೋಗಿ ಹಾಸಿಗೆ ಹಿಡಿದರೆ ಎಂಥ ಔಷಧಿಯನ್ನೂ ತಾಳಿಕೊಳ್ಳಲಾರರು. ಮೇಲೆ ಹೇಳಿದ ನಿವೊಲುಮಾಬ್ ಅಧ್ಯಯನಕ್ಕೆ ಓಡಾಡಿಕೊಂಡು ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರನ್ನು ಮಾತ್ರ ಸೇರಿಸಿಕೊಂಡಿದ್ದರು. ನಮ್ಮ ಅನಿಸಿಕೆಯಲ್ಲಿ ಮನೆಯವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ “ಯಾವ ಹೊಸ ಇಂಜೆಕ್ಷನ್ ಇದೆ?” ಎಂಬುದಲ್ಲ, “ಇವರು ಊಟ ಮಾಡುವಂತೆ ಹೇಗೆ ಮಾಡುತ್ತೀರಿ?” ಎಂಬುದು.

ಎಂಡೋಸ್ಕೋಪಿ ಮೂಲಕ ಲೋಹದ ಜಾಲರಿಯ ಕೊಳವೆ, ಅಂದರೆ ಸ್ಟೆಂಟ್, ಇಟ್ಟರೆ ಕೆಲವೇ ದಿನಗಳಲ್ಲಿ ನುಂಗಲು ಸುಲಭವಾಗುತ್ತದೆ. ಒಳಗಿನಿಂದ ಕೊಡುವ ವಿಕಿರಣ ಚಿಕಿತ್ಸೆಯಿಂದ ಪರಿಹಾರ ನಿಧಾನ, ಆದರೆ ಹೆಚ್ಚು ಕಾಲ ನಿಲ್ಲುತ್ತದೆ ಎಂದು ನೆದರ್ಲೆಂಡ್ಸ್‌ನ ಅಧ್ಯಯನವೊಂದು 2004ರಲ್ಲಿ ತೋರಿಸಿತು. ಸ್ಟೆಂಟ್ ಹಾಕಿಸಿಕೊಂಡವರು ಮೆತ್ತಗಿನ ಆಹಾರವನ್ನು ಕುಳಿತುಕೊಂಡೇ ಚೆನ್ನಾಗಿ ಅಗಿದು ತಿನ್ನಬೇಕು. ನಾರಿನ ಸೊಪ್ಪು, ಹಲಸಿನ ತೊಳೆ, ದೊಡ್ಡ ತುತ್ತು ಸಿಕ್ಕಿಕೊಳ್ಳುತ್ತವೆ. ಎರಡೂ ಆಗದಿದ್ದರೆ ಹೊಟ್ಟೆಗೆ ನೇರವಾಗಿ ನಳಿಕೆ ಇಡುತ್ತಾರೆ. ನಳಿಕೆ ಎಂದರೆ ಕೊನೆಗಾಲ ಎಂದು ತಿಳಿದು ಬೇಡವೆನ್ನುವವರುಂಟು. ಅದು ತಪ್ಪು ತಿಳುವಳಿಕೆ. ಸೋಸಿದ ರಾಗಿ ಗಂಜಿ, ಹಾಲು, ಬೇಳೆ ಕಟ್ಟು ಎಲ್ಲವನ್ನೂ ಅದರಲ್ಲಿ ಕೊಡಬಹುದು. ಪ್ರತಿ ಸಲವೂ ಮೊದಲು ಮತ್ತು ಕೊನೆಗೆ ಸ್ವಲ್ಪ ಕುದಿಸಿ ಆರಿಸಿದ ನೀರು ಹಾಯಿಸಿ. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ಬಾಯಿಂದ ಕೊಡುವುದನ್ನು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಕರೆತನ್ನಿ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತು ಬಿದ್ದಿರಬಹುದು.

ಚಿಕಿತ್ಸೆ ಶುರುವಾಗಿ ಎರಡು ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ಗಂತಿ ಬೆಳೆದಿದ್ದರೆ ಅದೇ ಔಷಧಿಗೆ ಮತ್ತೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಆಗಲೂ ನೋವಿಗೆ, ಉಸಿರಾಟದ ಸಂಕಟಕ್ಕೆ ಚಿಕಿತ್ಸೆ ಇದ್ದೇ ಇದೆ. ಮಾರ್ಫಿನ್ ಮಾತ್ರೆ ಬಡವರಿಗೂ ಕೈಗೆಟಕುವ ಔಷಧಿ. ಅದು ಸಿಗಲು ಅಡ್ಡಿಯಾಗಿದ್ದ ಕಾನೂನನ್ನು 2014ರಲ್ಲಿ ಸಡಿಲಿಸಲಾಗಿದೆ. ನುಂಗಲಾಗದವರು ಅದರ ದ್ರವರೂಪದ ಬಗ್ಗೆ ವೈದ್ಯರನ್ನು ಕೇಳಿ. ಮನೆಯಲ್ಲಿ ನೋಡಿಕೊಳ್ಳುವುದು ಅಸಾಧ್ಯವಾದಾಗ, ಬೆಂಗಳೂರಿನಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯದಲ್ಲಿ ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಸೇರಿಸಿಕೊಂಡು ಆರೈಕೆ ಮಾಡುತ್ತಾರೆ. ಹೋಗುವಾಗ ಬಯಾಪ್ಸಿ ವರದಿ ಮತ್ತು ಈವರೆಗಿನ ಚಿಕಿತ್ಸೆಯ ಕಾಗದಪತ್ರಗಳು ಜೊತೆಯಲ್ಲಿರಲಿ.