ಗಾಳಿಮಳೆಗೆ ಹೊಸ ಡಿಶ್ ಕೈಕೊಟ್ಟರೆ ಹಣ ಯಾರದು?

ಹತ್ತನೇ ತರಗತಿಯ ವಿಜ್ಞಾನದಲ್ಲಿ ನಿಮ್ನ ದರ್ಪಣದ ಪಾಠವಿದೆ. ಅದೇ ತರಗತಿಯ ಸಮಾಜ ವಿಜ್ಞಾನದಲ್ಲಿ ಗ್ರಾಹಕ ಶಿಕ್ಷಣದ ಪಾಠವಿದೆ. ಒಂದನ್ನು ಬೋಧಿಸುವವರು ಸಾಮಾನ್ಯವಾಗಿ ಇನ್ನೊಂದರ ಕಡೆ ನೋಡುವುದಿಲ್ಲ. ಎರಡೂ ಪಾಠಗಳು ಒಟ್ಟಿಗೆ ಬೇಕಾಗುವ ವಸ್ತುವೊಂದು ಮಾತ್ರ ಮಕ್ಕಳ ಮನೆಯ ತಾರಸಿಯ ಮೇಲೆ, ಹೆಂಚಿನ ಮನೆಯಾದರೆ ಗೋಡೆಯ ಬದಿಯಲ್ಲಿ, ದಿನವೂ ಕಣ್ಣಿಗೆ ಬೀಳುತ್ತದೆ. ಅದು ಟಿವಿ ಡಿಶ್. ಅದನ್ನಿಟ್ಟುಕೊಂಡು ಎರಡು ಅವಧಿಗಳ ಪಾಠವೊಂದನ್ನು ತಯಾರಿಸಿ, ತುಮಕೂರಿನ ನಮ್ಮ ಕಾಲೇಜಿನಲ್ಲಿ ಸಹಪಾಠಿಗಳ ಮುಂದೆ ಒಮ್ಮೆ ನಡೆಸಿ, ಬೋಧನಾಭ್ಯಾಸದಲ್ಲಿ ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲೂ ಕುಣಿಗಲ್ ತಾಲ್ಲೂಕಿನ ಇನ್ನೊಂದರಲ್ಲೂ ಬೋಧಿಸಿದೆ. ಆ ಪಾಠದ ವಿವರ ಇಲ್ಲಿದೆ.

ಪಾಠಕ್ಕಾಗಿ ಕಟ್ಟಿದ ಪ್ರಸಂಗ ಇದು: ಏಪ್ರಿಲ್ ಎರಡನೇ ವಾರ ಒಂದು ಮನೆಯವರು ಹೊಸ ಡಿಶ್ ಹಾಕಿಸಿದರು. ಮೇ ಮೊದಲ ವಾರ ಭರಣಿ ಮಳೆ ಗಾಳಿ ಸಮೇತ ಹೊಡೆಯಿತು. ಟಿವಿಯಲ್ಲಿ ಸಿಗ್ನಲ್ ಇಲ್ಲ. ಮಾರನೆಯ ದಿನವೂ ಬರಲಿಲ್ಲ. ಫಿಟ್ ಮಾಡಿದವರಿಗೆ ಫೋನ್ ಮಾಡಿದರೆ, 'ಬಂದು ನೋಡೋಕೆ ಮುನ್ನೂರು ರೂಪಾಯಿ ಆಗುತ್ತೆ, ಮಳೇಲಿ ಹೋಗಿರೋದಕ್ಕೆ ವಾರಂಟಿ ಬರಲ್ಲ' ಎಂದರು. ಹಣ ಯಾರು ಕೊಡಬೇಕು?

ಎರಡೂ ಶಾಲೆಗಳಲ್ಲಿ ಮೊದಲ ಐದು ನಿಮಿಷ ಒಂದೇ ರೀತಿ ನಡೆಯಿತು. ತರಗತಿ ಎರಡು ಪಾಳಯವಾಯಿತು. 'ಹೊಸದು ಅಲ್ವಾ ಮಿಸ್, ಕಂಪನಿಯೋರೇ ಮಾಡ್ಕೊಡಬೇಕು' ಎನ್ನುವವರು ಒಂದು ಕಡೆ. 'ಮಳೆ ಗಾಳಿ ಯಾರ ಕೈಯಲ್ಲಿದೆ, ನಾವೇ ಕೊಡಬೇಕು' ಎನ್ನುವವರು ಇನ್ನೊಂದು ಕಡೆ. ಇಲ್ಲಿಯೇ ಚರ್ಚೆಗೆ ಬಿಟ್ಟರೆ ಜೋರು ದನಿಯವರು ಗೆಲ್ಲುತ್ತಾರೆ, ಅಷ್ಟೆ. ಗುಬ್ಬಿಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಮಿಸ್, ಪಕ್ಕದ ಮನೇದು ಬರ್ತಿತ್ತಾ?' ಎಂದು ಕೇಳಿದಳು. ನನ್ನ ಪಾಠ ಯೋಜನೆಯಲ್ಲಿ ಈ ಪ್ರಶ್ನೆ ಎರಡನೇ ಅವಧಿಗೆ ಇತ್ತು. ಅವಳು ಕೇಳಿದ್ದರಿಂದ ಅಲ್ಲಿಯೇ ಕೈಗೆತ್ತಿಕೊಂಡೆ. ಯಾರು ಕೊಡಬೇಕು ಎನ್ನುವ ಮೊದಲು ಏನು ಕೆಟ್ಟಿದೆ ಎಂದು ತಿಳಿಯಬೇಕು. ಅದನ್ನು ತಿಳಿಯುವುದು ವಿಜ್ಞಾನದ ಕೆಲಸ.

'ಸಿಗ್ನಲ್ ಹೋಯ್ತು' ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಸಂಗತಿಗಳಿರುತ್ತವೆ. ಮೊದಲನೆಯದು ಮಳೆಯೇ. ಮನೆಯ ಸಣ್ಣ ಡಿಶ್‌ಗೆ ಬರುವ ಅಲೆಗಳ ಆವೃತ್ತಿ ಸುಮಾರು 12 ಗಿಗಾಹರ್ಟ್ಸ್, ತರಂಗದೂರ ಸುಮಾರು ಎರಡೂವರೆ ಸೆಂಟಿಮೀಟರ್. ಈ ಅಲೆಗಳನ್ನು ದಟ್ಟ ಮಳೆಯ ಹನಿಗಳು ಹೀರುತ್ತವೆ, ಚದುರಿಸುತ್ತವೆ. ಮೋಡ ದಾಟಿದ ಮೇಲೆ ಚಿತ್ರ ತಾನಾಗಿಯೇ ಮರಳುತ್ತದೆ. ಇದಕ್ಕೆ ಯಾರೂ ಹಣ ಕೊಡಬೇಕಿಲ್ಲ, ಕೇಳಲೂಬಾರದು. ಆದರೆ ಒಂದು ಮಾತು ಸೇರಿಸಬೇಕು. ಡಿಶ್ ಅನ್ನು ಮೊದಲೇ ಅರೆಬರೆ ಗುರಿಯಿಟ್ಟು ಕೂರಿಸಿದ್ದರೆ ಸಿಗ್ನಲ್ ಅಂಚಿನಲ್ಲೇ ಇರುತ್ತದೆ, ತುಂತುರು ಬಿದ್ದರೂ ಹೋಗುತ್ತದೆ. ಅದೇ ಹೊತ್ತಿನಲ್ಲಿ ಅದೇ ಉಪಗ್ರಹಕ್ಕೆ ತಿರುಗಿರುವ ಪಕ್ಕದ ಮನೆಯ ಡಿಶ್ ಕೆಲಸ ಮಾಡುತ್ತಿದ್ದರೆ ತಪ್ಪು ಮಳೆಯದಲ್ಲ. ಆ ಹುಡುಗಿಯ ಪ್ರಶ್ನೆಗೆ ಇಷ್ಟು ಬೆಲೆ ಇದೆ.

ಎರಡನೆಯದು ಡಿಶ್ ತಿರುಗುವುದು. ಪಾಠದ ಹೆಚ್ಚಿನ ಸಮಯ ಇಲ್ಲಿಯೇ ಹೋಯಿತು, ಹೋಗಬೇಕಾದ್ದೂ ಇಲ್ಲಿಯೇ. ನಿಮ್ನ ದರ್ಪಣವೊಂದನ್ನು ರಟ್ಟಿಗೆ ಅಂಟಿಸಿ, ಸಂಗಮದೂರ 20 ಸೆಂ.ಮೀ. ಇದ್ದುದರಿಂದ ಅಷ್ಟೇ ದೂರದಲ್ಲಿ ತಂತಿಯ ತುದಿಗೆ ಸಣ್ಣ ಕಾಗದದ ಚೂರು ಕಟ್ಟಿದೆ. ಡಿಶ್‌ನ ಮುಂದೆ ಚಾಚಿಕೊಂಡಿರುವ ಎಲ್‌ಎನ್‌ಬಿಯ ಜಾಗದಲ್ಲಿ ಈ ಕಾಗದ. ಬಿಸಿಲಿಗೆ ಹಿಡಿದಾಗ ಬೆಳಕಿನ ಚುಕ್ಕೆ ಕಾಗದದ ನಡುವೆ ಬಿತ್ತು. ಸೂರ್ಯನನ್ನಾಗಲಿ ಕನ್ನಡಿಯೊಳಗಿನ ಅದರ ಬಿಂಬವನ್ನಾಗಲಿ ನೋಡಬಾರದೆಂದು ಮೊದಲೇ ಹೇಳಿ, ಕಾಗದವನ್ನಷ್ಟೇ ನೋಡಿಸಿದೆ. ರಟ್ಟನ್ನು ಒಂದೂವರೆ ಡಿಗ್ರಿ ವಾಲಿಸಿದರೆ ಚುಕ್ಕೆ ಅರ್ಧ ಸೆಂಟಿಮೀಟರ್ ಸರಿಯುತ್ತದೆ.

ಆಮೇಲೆ ಲೆಕ್ಕ. ಡಿಶ್ ಎಷ್ಟು ಅಗಲದ ಕೋನದೊಳಗೆ ಅಲೆಗಳನ್ನು ಹಿಡಿಯುತ್ತದೆ ಎಂಬುದಕ್ಕೆ ಸ್ಥೂಲ ಸೂತ್ರವಿದೆ: ತರಂಗದೂರವನ್ನು 70ರಿಂದ ಗುಣಿಸಿ ಡಿಶ್‌ನ ವ್ಯಾಸದಿಂದ ಭಾಗಿಸುವುದು. 60 ಸೆಂ.ಮೀ. ಡಿಶ್‌ಗೆ ಸುಮಾರು 3 ಡಿಗ್ರಿ ಬರುತ್ತದೆ. ನಡುವಿನಿಂದ ಒಂದೂವರೆ ಡಿಗ್ರಿ ಸರಿದರೆ ಸಿಗುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಒಂದೂವರೆ ಡಿಗ್ರಿ ಎಂದರೆ ಡಿಶ್‌ನ ಅಂಚು ಒಂದು ಸೆಂಟಿಮೀಟರಿಗಿಂತ ಕಡಿಮೆ ಅಲುಗುವುದು. ಒಂದು ಮೀಟರ್ ಕಂಬವಾದರೆ ತುದಿಯಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು ವಾಲುವುದು. ಕೆಳಗಿನಿಂದ ಕತ್ತೆತ್ತಿ ನೋಡುವವರಿಗೆ ಇದು ಕಾಣುವುದೇ ಇಲ್ಲ. 'ಡಿಶ್ ನೆಟ್ಟಗೇ ಇದೆ' ಎಂದು ಮನೆಯವರೂ ಫಿಟ್ ಮಾಡಿದವರೂ ಜಗಳವಾಡುವುದು ಇದಕ್ಕೇ.

ಗಾಳಿಯ ಬಲವನ್ನೂ ಲೆಕ್ಕ ಹಾಕಿಸಿದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಈ ಡಿಶ್ ಅನ್ನು ಸುಮಾರು 50 ನ್ಯೂಟನ್ ಬಲದಿಂದ ತಳ್ಳುತ್ತದೆ, ಅಂದರೆ ಐದು ಕೆ.ಜಿ. ಅಕ್ಕಿಚೀಲ ನೇತುಹಾಕಿದ ಹಾಗೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಐದು ಕೆ.ಜಿ. ಹೊರಲಾರದ ನಟ್ಟು ಬೋಲ್ಟಿಗೆ ಗಾಳಿಯನ್ನು ದೂರುವುದು ಸರಿಯೇ ಎಂದು ಕೇಳಿದಾಗ ಮಕ್ಕಳ ಪಾಳಯಗಳು ಸ್ವಲ್ಪ ಬದಲಾದವು.

ಗುಬ್ಬಿಗೆ ಬೇಕಾದ ಇನ್ನೊಂದು ಲೆಕ್ಕವಿದೆ, ತೆಂಗಿನ ಮರದ್ದು. ದೂರದರ್ಶನದ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ನಮ್ಮ ಜಿಲ್ಲೆಯಿಂದ ನೋಡಿದರೆ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 65 ಡಿಗ್ರಿ ಮೇಲೆ. ಹದಿನೈದು ಮೀಟರ್ ಎತ್ತರದ ಮರ ಆ ದಿಕ್ಕಿನಲ್ಲಿ ಏಳು ಮೀಟರಿಗಿಂತ ಹತ್ತಿರವಿದ್ದರೆ ಗರಿಗಳು ಅಡ್ಡ ಬರುತ್ತವೆ. ಗಾಳಿ ಇಲ್ಲದಾಗ ಚಿತ್ರ ಬಂದು, ಗಾಳಿ ಬಂದಾಗ ಕಡಿದು ಕಡಿದು ಹೋಗುವುದು ಇಂಥ ಮನೆಗಳಲ್ಲಿ. ಜಾಗ ಆರಿಸಿದ್ದು ಯಾರು, ಬೇರೆ ಜಾಗ ತೋರಿಸಿದರೂ ಮನೆಯವರು ಒಪ್ಪಲಿಲ್ಲವೇ ಎಂಬುದರ ಮೇಲೆ ಹೊಣೆ ಬದಲಾಗುತ್ತದೆ.

ಎರಡನೇ ಅವಧಿ ಕಾನೂನಿನದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾರಿಗೆ ಬಂದದ್ದು 2020ರ ಜುಲೈ 20ರಂದು. ವಸ್ತುವಿನ ದೋಷದಂತೆಯೇ ಸೇವೆಯ ನ್ಯೂನತೆಯೂ ಅದರಡಿ ದೂರಿಗೆ ಕಾರಣ. ಡಿಶ್ ಕೂರಿಸುವುದು ಹಣ ಪಡೆದು ಮಾಡಿದ ಸೇವೆ. ಆದ್ದರಿಂದ 'ಬಾಕ್ಸ್ ಚೆನ್ನಾಗಿದೆ, ಕಂಬ ಮಾತ್ರ ಅಲುಗಿದೆ' ಎಂದರೆ ಹೊಣೆ ತಪ್ಪುವುದಿಲ್ಲ. ಫ್ರೀ ಡಿಶ್ ಆದರೆ ತಿಂಗಳ ರೀಚಾರ್ಜ್ ಇಲ್ಲ, ದೂರಲು ಡಿಟಿಎಚ್ ಕಂಪನಿಯೂ ಇಲ್ಲ. ಅಲ್ಲಿ ಹಣ ಪಡೆದವರು ಪೆಟ್ಟಿಗೆ ಮಾರಿ ಕೂರಿಸಿಕೊಟ್ಟ ಅಂಗಡಿಯವರು, ಅವರಿಗೇ ನಾವು ಗ್ರಾಹಕರು. ಬಿಲ್ ಕೇಳಿ ಪಡೆಯುವುದು ಅಲ್ಲಿ ಇನ್ನೂ ಮುಖ್ಯ.

'ಮಳೆ ದೇವರದ್ದು' ಎಂದವರ ವಾದವನ್ನು ತಳ್ಳಿಹಾಕಬಾರದು. ಕಾನೂನಿನಲ್ಲೂ ದೈವಕೃತ್ಯ ಎಂಬ ವಾದವಿದೆ. ಆದರೆ ಎಲ್ಲ ಮಳೆಯೂ ದೈವಕೃತ್ಯವಲ್ಲ. ಮನುಷ್ಯನ ಮುಂದಾಲೋಚನೆಗೆ ನಿಲುಕದ್ದು, ಎಚ್ಚರ ವಹಿಸಿದರೂ ತಪ್ಪಿಸಲಾಗದ್ದು ಮಾತ್ರ ಆ ಹೆಸರಿಗೆ ತಕ್ಕದ್ದು. ಜಲಾಶಯದಿಂದ ಬಿಟ್ಟ ನೀರಿಗೆ ತೋಟ ಕಳೆದುಕೊಂಡ ಗುಜರಾತಿನ ರೈತರ ಪ್ರಕರಣದಲ್ಲಿ, ಅತಿವೃಷ್ಟಿಯೇ ಕಾರಣವೆಂಬ ಸರ್ಕಾರದ ವಾದವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಲಿಲ್ಲ. ಇದನ್ನು ಮಕ್ಕಳಿಗೆ ಮುಟ್ಟಿಸಲು ನನಗೆ ಒದಗಿದ್ದು ಮಳೆ ನಕ್ಷತ್ರಗಳು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಅಜ್ಜಂದಿರು ಬೆರಳು ಮಡಿಸಿ ಹೇಳುವ ಮಳೆಗಳಿವು. ಹೆಸರಿಟ್ಟು ಕಾಯುವ ಮಳೆ ಅನಿರೀಕ್ಷಿತ ಹೇಗಾಗುತ್ತದೆ? ಏಪ್ರಿಲ್‌ನಲ್ಲಿ ಡಿಶ್ ಕೂರಿಸುವವರು ಮೇ ತಿಂಗಳ ಗಾಳಿಯನ್ನು ಲೆಕ್ಕಕ್ಕೆ ಹಿಡಿದೇ ಕೂರಿಸಬೇಕು. ಊರಿನ ಮರಗಳು, ವಿದ್ಯುತ್ ಕಂಬಗಳು, ಪಕ್ಕದ ಡಿಶ್‌ಗಳೆಲ್ಲ ಉರುಳಿದ ಗಾಳಿಯಾದರೆ ಮಾತು ಬೇರೆ. ಪಕ್ಕದ ಮನೆಯ ಡಿಶ್ ಹೀಗೆ ಎರಡನೇ ಸಲವೂ ಸಾಕ್ಷಿಯಾಯಿತು.

ಕುಣಿಗಲ್‌ನ ತರಗತಿಯಲ್ಲಿ ಪಾಠಕ್ಕೆ ಬೇರೆಯದೇ ತಿರುವು ಸಿಕ್ಕಿತು. ಒಬ್ಬ ಹುಡುಗನ ಅಪ್ಪ ಡಿಶ್ ಫಿಟ್ ಮಾಡುವವರು. ಎಲ್ಲರೂ 'ಫಿಟ್ ಮಾಡಿದೋರೇ ಕೊಡಲಿ' ಎಂದು ತೀರ್ಪು ಕೊಟ್ಟಾಗ ಅವನು ಎದ್ದು ನಿಂತು, 'ನಮ್ಮಪ್ಪಂಗೆ ಒಂದು ಡಿಶ್‌ಗೆ ಇಷ್ಟು ಅಂತ ಒಂದೇ ಸಲ ಕೊಡ್ತಾರೆ ಮಿಸ್. ಎರಡನೇ ಸಲ ಹೋದ್ರೆ ಪೆಟ್ರೋಲೂ ಅವರದ್ದೇ' ಎಂದ. ತರಗತಿ ತಣ್ಣಗಾಯಿತು. ಗ್ರಾಹಕ ಶಿಕ್ಷಣದ ಪಾಠವನ್ನು ಮಾರುವವನು, ಕೊಳ್ಳುವವನು ಎಂದು ಇಬ್ಬರನ್ನೇ ಇಟ್ಟುಕೊಂಡು ನಡೆಸುವುದು ನಮ್ಮ ರೂಢಿ. ನಡುವೆ ಏಣಿ ಹತ್ತುವ ಮೂರನೆಯವನೊಬ್ಬ ಇದ್ದಾನೆ. ಕಂಪನಿ ತನ್ನ ಪರವಾಗಿ ಕೆಲಸಕ್ಕೆ ಕಳಿಸಿದವರು ಮಾಡಿದ ಕೆಲಸಕ್ಕೆ ಗ್ರಾಹಕರ ಎದುರು ಕಂಪನಿಯೇ ಉತ್ತರಿಸಬೇಕು. ಕಳಿಸಿದವನ ಹೊಣೆಯ ಈ ತತ್ವ 1872ರ ಭಾರತೀಯ ಕರಾರು ಕಾಯ್ದೆಯಷ್ಟು ಹಳೆಯದು. ಆದ್ದರಿಂದ ದೂರನ್ನು ಫಿಟ್ ಮಾಡಿದವರ ಮೊಬೈಲಿಗೆ ಹೇಳಿ ಬಿಡುವ ಬದಲು ಕಂಪನಿಯ ಶುಲ್ಕರಹಿತ ಸಂಖ್ಯೆಗೆ ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಬೇಕು. ಹೀಗೆ ಸಂಖ್ಯೆ ಕೊಡುವುದನ್ನು ಟ್ರಾಯ್‌ನ 2017ರ ನಿಯಮಗಳು ಕಡ್ಡಾಯ ಮಾಡಿವೆ. ಹಾಗೆ ದಾಖಲಾದ ದೂರಿಗೆ ಹೋದವನ ಪೆಟ್ರೋಲ್ ಖರ್ಚನ್ನಾದರೂ ಕೇಳುವ ದಾರಿ ಇರುತ್ತದೆ. ಆ ಹುಡುಗನ ಮಾತಿಲ್ಲದಿದ್ದರೆ ನನ್ನ ಪಾಠ ಅವನ ಅಪ್ಪನನ್ನು ಕಳ್ಳನನ್ನಾಗಿ ಮಾಡಿ ಮುಗಿಯುವ ಸಂಭವವಿತ್ತು. ಈ ಪಾಠ ಬಳಸುವ ಪ್ರಶಿಕ್ಷಣಾರ್ಥಿಗಳು ಮೂರನೆಯ ಪಾತ್ರವನ್ನು ಪ್ರಸಂಗದಲ್ಲೇ ಬರೆದುಕೊಳ್ಳುವುದು ಒಳ್ಳೆಯದು.

ಮುಂದಿನ ಮೆಟ್ಟಿಲುಗಳನ್ನು ಬೇಗ ಮುಗಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕಂಪನಿಯ ಕಚೇರಿ ಎಲ್ಲಿದ್ದರೂ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಮುನ್ನೂರು ರೂಪಾಯಿಗೆ ಆಯೋಗದವರೆಗೆ ಯಾರು ಹೋಗುತ್ತಾರೆ ಎಂದು ಸಹಪಾಠಿ ವೀಕ್ಷಕರೊಬ್ಬರು ಕೇಳಿದರು. ಹೆಚ್ಚಿನವರು ಹೋಗುವುದಿಲ್ಲ, ನಿಜ. ಆದರೆ ದೂರಿನ ಸಂಖ್ಯೆ, ಬಿಲ್, ಫೋಟೊ ಕೈಯಲ್ಲಿದ್ದವರ ಜೊತೆ ಫೋನಿನಲ್ಲಿ ಮಾತಾಡುವ ರೀತಿಯೇ ಬೇರೆ.

ಫೋಟೊ ಎಂದೆ. ಸೇವೆಯಲ್ಲಿ ನ್ಯೂನತೆ ಇತ್ತೆಂದು ತೋರಿಸುವ ಭಾರ ಮೊದಲಿಗೆ ದೂರುದಾರನ ಮೇಲಿರುತ್ತದೆ. ಅದಕ್ಕೆ ಮಕ್ಕಳಿಗೆ ಕೊಟ್ಟ ಮನೆಗೆಲಸ ಎರಡು ರೂಪಾಯಿ ಖರ್ಚಿನದೂ ಅಲ್ಲ. ಡಿಶ್ ಕೂರಿಸಿದ ದಿನ, ಅಳಿಸದ ಮಾರ್ಕರ್ ಪೆನ್ನಿನಿಂದ ಕಂಬ ಮತ್ತು ಕ್ಲ್ಯಾಂಪ್ ಎರಡರ ಮೇಲೂ ಹಾದುಹೋಗುವಂತೆ ಒಂದು ಗೆರೆ ಎಳೆದು, ಬಾಕ್ಸ್‌ನಲ್ಲಿ ತೋರಿಸುವ ಸಿಗ್ನಲ್ ಮಟ್ಟದ ಜೊತೆ ಫೋಟೊ ತೆಗೆದಿಡುವುದು. ಮಳೆಯ ನಂತರ ಗೆರೆ ಮುರಿದಿದ್ದರೆ ಕ್ಲ್ಯಾಂಪ್ ಜಾರಿದೆ, ನಟ್ಟು ಸರಿಯಾಗಿ ಬಿಗಿದಿಲ್ಲ. ಗೆರೆ ಕೂಡಿಕೊಂಡೇ ಇದ್ದು ಕಂಬ ವಾಲಿದ್ದರೆ, ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟರೆ ತಿಳಿಯುತ್ತದೆ, ಗೋಡೆಯ ಬೋಲ್ಟು ಸಡಿಲ. ಗೋಡೆ ಮಣ್ಣಿನದೋ ಟೊಳ್ಳು ಇಟ್ಟಿಗೆಯದೋ ಆದರೆ ಅಲ್ಲಿ ಕೂರಿಸುವಂತೆ ಒತ್ತಾಯಿಸಿದ್ದು ಯಾರೆಂದೂ ಕೇಳಬೇಕಾಗುತ್ತದೆ. ಎರಡೂ ಸರಿಯಿದ್ದು ಸಿಗ್ನಲ್ ಇಲ್ಲದಿದ್ದರೆ ವೈರು, ಎಲ್‌ಎನ್‌ಬಿ, ಬಾಕ್ಸ್‌ಗಳ ಸರದಿ. ಗೆರೆ ಎಳೆಯುವುದು ದೊಡ್ಡವರ ಕೆಲಸ, ಮೋಡ ಕವಿದಾಗ ಯಾರೂ ತಾರಸಿ ಹತ್ತಬಾರದು ಎಂದು ಎರಡು ಸಲ ಹೇಳಿಸಿದೆ. ಸಿಡಿಲಿನ ಪಾಠವನ್ನು ಎಂಟನೇ ತರಗತಿಯಲ್ಲಿ ಓದಿರುವುದರಿಂದ ಕಾರಣವನ್ನು ಅವರೇ ಹೇಳಿದರು.

ಸಿಡಿಲಿನ ಪ್ರಶ್ನೆ ಮಾತ್ರ ಪೂರ್ತಿ ಬಗೆಹರಿಯಲಿಲ್ಲ. ಸಿಡಿಲಿನ ವಿದ್ಯುತ್ ವೈರಿನಲ್ಲಿ ಹರಿದು ಎಲ್‌ಎನ್‌ಬಿ, ಬಾಕ್ಸ್, ಕೆಲವೊಮ್ಮೆ ಟಿವಿಯನ್ನೂ ಸುಡುತ್ತದೆ. ಅನೇಕ ವಾರಂಟಿ ಕಾರ್ಡುಗಳು ಸಿಡಿಲನ್ನು ಹೊರಗಿಡುತ್ತವೆ. ಮನೆ ವಿಮೆ ಇದ್ದರೆ ಒಂದು ದಾರಿ ಇದೆ: 2021ರಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಸಿಡಿಲು, ಬಿರುಗಾಳಿಯ ಹಾನಿಗೂ ರಕ್ಷಣೆ ಉಂಟು. ತರಗತಿಯಲ್ಲಿ ಬೆಳೆ ವಿಮೆಯ ಬಗ್ಗೆ ಗೊತ್ತಿದ್ದವರು ಅನೇಕರು, ಮನೆ ವಿಮೆ ಕೇಳಿದ್ದವರು ಒಬ್ಬರೂ ಇರಲಿಲ್ಲ.

ಎರಡು ಅವಧಿಗೆ ಇಷ್ಟು ವಿಷಯ ಹೆಚ್ಚೇ. ಸಮಯ ಸಾಲದಿದ್ದರೆ ಗಾಳಿಯ ಬಲದ ಲೆಕ್ಕವನ್ನು ಬಿಡಬಹುದು, ಕನ್ನಡಿಯ ಪ್ರಯೋಗ ಬಿಡಬಾರದು. ಮೌಲ್ಯಮಾಪನಕ್ಕೆ ಅದೇ ಪ್ರಸಂಗವನ್ನು ಮತ್ತೆ ಕೊಟ್ಟು, 'ಯಾರು ಹಣ ಕೊಡಬೇಕೆಂದು ಹೇಳುವ ಮೊದಲು ನೀವು ಕೇಳುವ ಮೂರು ಪ್ರಶ್ನೆಗಳನ್ನು ಬರೆಯಿರಿ' ಎಂದೆ. ಕುಣಿಗಲ್‌ನ ಆ ಹುಡುಗ ಬರೆದ ಮೂರನೆಯ ಪ್ರಶ್ನೆ: 'ಫಿಟ್ ಮಾಡಿದವರಿಗೆ ಎರಡನೇ ಸಲ ಬರಲು ಕಂಪನಿ ಎಷ್ಟು ಕೊಡುತ್ತದೆ?'